ಎಡಗಡೆಯ ಬೊಟ್ಟುಗಳು

ನಮ್ಮ ಊರಿನಲ್ಲಿ ಹೊಸ ಕಾರು ತಂದವರನ್ನು ಯಾರೂ ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದು ಕೇಳುವುದಿಲ್ಲ. "ಬೊಟ್ಟು ಬಿತ್ತಾ?" ಎಂದು ಕೇಳುತ್ತಾರೆ. ಬಿತ್ತು ಅಂದರೆ ಕೂತು, ಇನ್ನೊಂದು ಲೋಟ ಕಾಫಿ ಕೇಳಿ ಕುಡಿದು ಹೋಗುತ್ತಾರೆ. ಇಲ್ಲ ಅಂದರೆ "ಬೀಳತ್ತೆ ಬಿಡಿ, ಇನ್ನೂ ಹೊಸದಲ್ವಾ" ಎಂದು ಸಮಾಧಾನದ ಮಾತಾಡಿ, ಸಾವಿನ ಮನೆಯಿಂದ ಏಳುವ ಹಾಗೆ ಹೋಗಿ ಬರ್ತೀವಿ ಅಂತಲೂ ಹೇಳದೆ ಎದ್ದುಬಿಡುತ್ತಾರೆ.

ಬೊಟ್ಟು ಎಂದರೆ ಮತ್ತೇನಲ್ಲ. ಯಾರಾದರೂ ಒಂದು ಕಾರನ್ನು ನೋಡಿ ಹೊಟ್ಟೆ ಉರಿದುಕೊಂಡರೆ, ರಸ್ತೆಯಲ್ಲಿ ಬಿದ್ದಿರುವ ಒಂದು ಕಲ್ಲು ಎದ್ದು ಹೋಗಿ ಆ ಕಾರಿಗೆ ಬಡಿಯುತ್ತದೆ. ನೋಡಿದವರು ಯಾವ ಕಡೆ ಇದ್ದರೋ ಆ ಕಡೆಗೇ ಬಡಿಯುತ್ತದೆ. ಕಾರಿನೊಳಗೆ ಕೂತವರನ್ನು ನೋಡಿ ಉರಿದುಕೊಂಡರೂ ಅಷ್ಟೇ, ಕಲ್ಲಿಗೆ ಆ ವ್ಯತ್ಯಾಸವೆಲ್ಲ ಗೊತ್ತಾಗುವುದಿಲ್ಲ. ಮೆಣಸಿನಕಾಳಿನಷ್ಟೋ ಹುಣಸೆಬೀಜದಷ್ಟೋ ಬಣ್ಣ ಹಾರಿ ಒಳಗಿನ ಬೂದು ಪ್ರೈಮರ್ ಕಾಣುತ್ತದೆ. ಹಿಂದೆ ಯಾವಾಗಲೋ ಜನ ಇದಕ್ಕೆ ಅತ್ತಿರಬೇಕು, ಒಬ್ಬರನ್ನೊಬ್ಬರು ಬೈದಾಡಿರಬೇಕು. ನಾನು ಕಣ್ಣುಬಿಡುವ ಹೊತ್ತಿಗೆ ಅದು ಮರ್ಯಾದೆಯ ವಿಷಯವಾಗಿಬಿಟ್ಟಿತ್ತು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ನಮ್ಮಪ್ಪ ಅವರ ಕಾರಿಗೆ ಒಂದು ಸುತ್ತು ಬಂದು, ಬೊಟ್ಟು ನೋಡಿಕೊಂಡೇ ಉಪ್ಪಿಟ್ಟು ಕೇಸರಿಬಾತು ತರಿಸುತ್ತಿದ್ದರು. ನನ್ನ ಗಂಡ ವಿರೂಪಣ್ಣ ಬಸ್ಸಿನಲ್ಲಿ ಬಂದರು. ಅಪ್ಪನಿಗೆ ಏನೂ ಪತ್ತೆಯಾಗಲಿಲ್ಲ.

ಇವರು ಕಾರಿಗೆ ಬಣ್ಣ ಹೊಡೆಯುವವರು. ಮನೆಗೆ ಅಂಟಿಕೊಂಡೇ ತಗಡಿನ ಶೆಡ್ಡು. ಬೇರೆ ಊರುಗಳಲ್ಲಿ ಬಣ್ಣ ಗಟ್ಟಿಮುಟ್ಟಾಗಿ ಬರಲಿ, ವರ್ಷಗಟ್ಟಲೆ ಬಾಳಲಿ ಎನ್ನುತ್ತಾರಂತೆ. ನಮ್ಮಲ್ಲಿ ಬಂದವರು ಶೆಡ್ಡಿನ ಬಾಗಿಲಲ್ಲೇ ದನಿ ತಗ್ಗಿಸಿ, "ತೆಳ್ಳಗೆ ಹೊಡೀರಿ ವಿರೂಪಣ್ಣಾ, ಮೇಲೆ ಕ್ಲಿಯರ್ ಕೋಟ್ ಬೇಡ, ಮರಳಿನ ಕಣ ತಾಕಿದ್ರೂ ಕಾಣ್ಬೇಕು" ಎನ್ನುತ್ತಾರೆ. ಬೊಟ್ಟು ಬಿದ್ದ ಮೇಲೆ ತುಕ್ಕು ಹರಡಬಾರದಲ್ಲ, ಅದಕ್ಕೆ ಆ ಬೊಟ್ಟಿನ ಮೇಲೆ ಮಾತ್ರ ಒಂದು ತೊಟ್ಟು ವಾರ್ನಿಷ್ ಹಾಕಿಸಿಕೊಂಡು ಬೀಗುತ್ತಾ ಹೋಗುತ್ತಾರೆ. ಇವರ ಅರ್ಧ ದಿನ ಊರವರ ಬೊಟ್ಟಿಗೆ ವಾರ್ನಿಷ್ ಹಚ್ಚುವುದರಲ್ಲೇ ಕಳೆಯುತ್ತದೆ. ಮನೆಯೊಳಗೆ ನಾನು ಸಾರಿಗೆ ಒಗ್ಗರಣೆ ಹಾಕಿದರೂ ಮೂಗಿಗೆ ಬರುವುದು ಆ ವಾರ್ನಿಷ್ ವಾಸನೆಯೇ. ಕಂಡವರ ವೈಭವದ ವಾಸನೆ!

ನಮಗೂ ಒಂದು ಕಾರಿದೆ. ತಿಳಿಹಸಿರು ಬಣ್ಣದ್ದು, ಇವರೇ ಕೈಯಾರೆ ಹೊಡೆದದ್ದು. ಅದನ್ನು ತಂದು ಎಷ್ಟು ದೀಪಾವಳಿ ಕಳೆದವು! ಮುಂದೆ, ಹಿಂದೆ, ಅಕ್ಕಪಕ್ಕ, ಎಲ್ಲಿ ನೋಡಿದರೂ ಒಂದು ಗೀರಿಲ್ಲ, ಒಂದು ಬೊಟ್ಟಿಲ್ಲ. ಮದುವೆಗೆ ಹೋದರೆ ಅದನ್ನು ಛತ್ರದ ಹಿಂದೆ ನಿಲ್ಲಿಸಿ, ಎಂಜಲೆಲೆ ಎಸೆಯುವ ದಾರಿಯಲ್ಲಿ ಒಳಗೆ ಹೋಗುತ್ತಿದ್ದೆ. ನನಗೆ ಬೇಕಿದ್ದದ್ದು ಒಂದೇ ಒಂದು ಬೊಟ್ಟು, ಸಾಸಿವೆಯಷ್ಟಿದ್ದರೂ ಸಾಕಿತ್ತು. ಈ ಊರಿನಲ್ಲಿ ಒಬ್ಬರಿಗಾದರೂ, 'ಚಂಪಾವತಿಯ ಬಾಳು ನನಗಿರಬಾರದಿತ್ತೇ' ಎಂದು ಅನ್ನಿಸಬಾರದೇ?

"ಬಣ್ಣ ಗಟ್ಟಿಯಾಗಿದೆ ಕಣೆ, ಅದಕ್ಕೆ ಬೀಳ್ತಿಲ್ಲ" ಎನ್ನುತ್ತಿದ್ದರು ಇವರು. "ನಮ್ಮನೆ ಕಾರು ಅಂತ ಕೋಟ್ ಮೇಲೆ ಕೋಟ್ ಹೊಡ್ದಿದೀನಿ. ಕಲ್ಲು ಬರತ್ತೆ, ಬಡಿಯತ್ತೆ, ಬಿದ್ದೋಗತ್ತೆ. ನಮಗೆ ಗೊತ್ತಾಗಲ್ಲ, ಅಷ್ಟೇ."

ಈ ಮಾತನ್ನು ನಂಬಿಕೊಂಡೇ ನಾನು ಇಷ್ಟು ದಿನ ತಲೆಯೆತ್ತಿ ಓಡಾಡಿದ್ದು. ಆದರೆ ಸರ್ವಮಂಗಳ ಇದ್ದಾಳಲ್ಲ, ಅವಳು ನನ್ನನ್ನು ನೆಮ್ಮದಿಯಾಗಿರಲು ಬಿಡಬೇಕಲ್ಲ.

ಮಂಗಳಿ ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆಗಲೂ ಅವಳ ಜಡೆ ಬೆಂಚಿನಿಂದ ಕೆಳಗೆ ಇಳಿಯುತ್ತಿತ್ತು, ನನ್ನದು ರಿಬ್ಬನ್ನಿಗೂ ಸಾಲುತ್ತಿರಲಿಲ್ಲ. ಈಗ ಪೇಟೆಯಲ್ಲಿ ಅವಳದೇ ಸೀರೆ ಅಂಗಡಿ, ನಮ್ಮ ಬೀದಿಯ ಕೊನೆಯಲ್ಲಿ ಅವಳದೇ ಮನೆ, ಕೇಳುವವರು ಹೇಳುವವರು ಯಾರೂ ಇಲ್ಲ. ಒಂದು ಕುಂಕುಮಗೆಂಪು ಕಾರು ಬೇರೆ. ಆ ಕಾರಿನ ಎಡಮಗ್ಗುಲನ್ನು ನೋಡಬೇಕು ನೀವು. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಬೊಟ್ಟೋ ಬೊಟ್ಟು! ಅವಳು ಪೇಟೆಯಲ್ಲಿ ಕಾರು ನಿಲ್ಲಿಸುವ ಠೀವಿಯೇ ಬೇರೆ. ಬಲಗಡೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಸ್ಟೀರಿಂಗ್ ಬಿಟ್ಟು ಪಕ್ಕದ ಸೀಟಿಗೆ ಸರಿದು, ಎಡಬಾಗಿಲಿನಿಂದ ಸೆರಗು ಕೊಡವಿಕೊಂಡು ಇಳಿಯುತ್ತಿದ್ದಳು, ಯಾರೋ ಕರೆದುಕೊಂಡು ಬಂದ ಮಹಾರಾಣಿಯ ಹಾಗೆ. ಜನ ಕಾರಿನ ಮುಂದೆ ನಿಂತು "ಅಬ್ಬಾ, ಎಷ್ಟು ಜನರ ಕಣ್ಣು!" ಎಂದು ಬಾಯಿ ಮೇಲೆ ಬೆರಳಿಡುತ್ತಿದ್ದರು.

ಬೆಳಿಗ್ಗೆ ಅವಳು ಕೆಳಗಿನ ರಸ್ತೆ ಹಿಡಿದು ಅಂಗಡಿಗೆ ಹೋಗುತ್ತಿದ್ದಳು. ಸಾಯಂಕಾಲ ಮಾತ್ರ ನಮ್ಮ ಬೀದಿಯಲ್ಲೇ ವಾಪಸು. ನಾನು ಜಗಲಿಯಲ್ಲಿ ಕೂತು ಹೂ ಕಟ್ಟುವ ಹೊತ್ತು ಅದು. ನಮ್ಮ ಜಗಲಿ ಹತ್ತಿರ ಬರುತ್ತಿದ್ದಂತೆ ಅವಳ ಕಾರು ನಿಧಾನವಾಗುತ್ತಿತ್ತು, ಉತ್ಸವದ ಪಲ್ಲಕ್ಕಿಯೂ ಅಷ್ಟು ನಿಧಾನಕ್ಕೆ ಬರುವುದಿಲ್ಲ. ಗಾಜು ಇಳಿಸಿ "ಹೂ ಕಟ್ತಿದೀಯೇನೇ ಚಂಪಿ?" ಎನ್ನುತ್ತಿದ್ದಳು. ಕಣ್ಣು ಕಾಣಲ್ವಾ, ಕೈಯಲ್ಲಿ ಹೂವೇ ಇದೆಯಲ್ಲ! ಹಾಗೆನ್ನಲು ಬಾಯಿ ತೆರೆಯುವುದರೊಳಗೆ ಟಪ್ ಎಂದು ಕಲ್ಲೊಂದು ಅವಳ ಕಾರಿಗೆ ಹೊಡೆದಾಗಿರುತ್ತಿತ್ತು. ನನ್ನದೇ ಕಣ್ಣು, ಇನ್ಯಾರದು? ಅವಳ ಮೈಮೇಲೆ ಹೊಸ ಸೀರೆ ಇದ್ದ ದಿನ ಎರಡು ಬೀಳುತ್ತಿದ್ದವು. ನೋಡಬಾರದೆಂದು ಹಲ್ಲು ಕಚ್ಚಿ ಕೂತರೂ ಕಡೆಗಣ್ಣು ಕೇಳುತ್ತಿರಲಿಲ್ಲ. ನಾನು ಉರಿದುಕೊಂಡಷ್ಟೂ ಅವಳ ಕಾರಿಗೆ ಬೆಲೆ ಹೆಚ್ಚಾಗುತ್ತಿತ್ತು. ಇದಕ್ಕಿಂತ ದೊಡ್ಡ ಕರ್ಮ ಇನ್ನೇನಿದೆ ಹೇಳಿ! ಊರೆಲ್ಲ ಅವಳನ್ನು ನೋಡಿ ಕರುಬುವಾಗ ನನ್ನದೂ ನಾಲ್ಕು ಸೇರಿದರೆ ಏನು ಮಹಾ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ತಡೆಯಲಾಗದೆ ಇವರನ್ನು ಹಿಡಿದುಕೊಂಡೆ. "ರೀ, ಆ ಗಟ್ಟಿ ಬಣ್ಣ ಪೂರ್ತಿ ಕಿತ್ತುಹಾಕಿ. ಎಲ್ಲರಿಗೂ ಹೊಡೆಯೋ ಹಾಗೆ ನಮ್ಮನೆ ಕಾರಿಗೂ ತೆಳ್ಳಗೆ ಹೊಡೀರಿ. ಬರೋ ಕಲ್ಲಿಗೆ ನೀವೇ ಅಡ್ಡ ನಿಂತರೆ ಹೇಗೆ?"

"ಚೆನ್ನಾಗಿರೋ ಬಣ್ಣ ಯಾಕೆ ಹಾಳ್ಮಾಡ್ತೀಯಾ ಚಂಪಾ?"

"ನನ್ನ ಮಾನಕ್ಕಿಂತ ಬಣ್ಣ ಹೆಚ್ಚಾಯ್ತಾ ನಿಮಗೆ?"

ಇವರು ಏನೇನೋ ನೆಪ ಹೇಳಿದರು, ಮಳೆ ಎಂದರು, ಕೆಲಸ ಎಂದರು. ನಾನು ಮಾತು ಬಿಟ್ಟೆ. ತಟ್ಟೆ ಕುಕ್ಕಿ ಇಟ್ಟು ಬಡಿಸಿದೆ. ಕೊನೆಗೆ ಇವರು ಸೋತು, ಮರಳುಕಾಗದ ಹಿಡಿದು ಕಾರಿನ ಮೈಯೆಲ್ಲ ಉಜ್ಜಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೊಸ ಬಣ್ಣ ಹೊಡೆದರು. ಮೇಲೆ ಕ್ಲಿಯರ್ ಕೂಡ ಹಾಕಲಿಲ್ಲ. ಉಗುರು ತಾಕಿದರೆ ಗೀರು ಬೀಳುವ ಹಾಗಿತ್ತು.

ಆಮೇಲೆ ನಾವು ತಿರುಗಾಡಿದ್ದೇ ತಿರುಗಾಡಿದ್ದು. ನನ್ನ ಅವಲಕ್ಕಿ ಸರ ಹಾಕಿಕೊಂಡು, ಮುಂದಿನ ಸೀಟಿನಲ್ಲಿ ಕೂತು, ಪೇಟೆಗೆ, ಕೆರೆ ಏರಿಗೆ, ಸಂತೆಗೆ, ಸಿನಿಮಾ ಬಿಡುವ ಹೊತ್ತಿಗೆ ಟಾಕೀಸಿನ ಮುಂದೆ. ಸುಮ್ಮಸುಮ್ಮನೆ ನಗುತ್ತಿದ್ದೆ, ಸುಖವಾಗಿದ್ದೇವೆ ಎಂದು ಕಾಣಲಿ ಅಂತ. ಜನ ನೋಡುತ್ತಿದ್ದರು, ಇಲ್ಲವೆಂದಲ್ಲ. ದಾರಿಯಲ್ಲಿ ಮಲಗಿರುವ ಎಮ್ಮೆಯನ್ನು ನೋಡುವ ಹಾಗೆ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರು. ಮನೆಗೆ ಬಂದು ನಾನು ಸೊಂಟ ಬಗ್ಗಿಸಿ ಕಾರಿನ ಸುತ್ತ ಹುಡುಕುತ್ತಿದ್ದೆ. ಹೊಸ ಬಣ್ಣ ಇವರು ಹೊಡೆದಾಗ ಹೇಗಿತ್ತೋ ಹಾಗೇ ಫಳಫಳ ಎನ್ನುತ್ತಿತ್ತು.

"ಇನ್ನೂ ಗಟ್ಟಿಯಾಗಿದೆ ನಿಮ್ಮ ಬಣ್ಣ. ಇನ್ನೊಂದ್ಸಲ ಉಜ್ಜಿ" ಎಂದೆ.

ಇವರು ಹಿತ್ತಿಲ ಕಲ್ಲಿನ ಮೇಲೆ ಕೂತು ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದರು. ತಲೆಯೆತ್ತದೆ ಹೇಳಿದರು: "ಚಂಪಾ, ಮೊದ್ಲು ಹೊಡ್ದಿದ್ದೂ ಸಾದಾ ಬಣ್ಣಾನೇ ಕಣೆ."

"ಅಂದ್ರೆ?"

"ಎಲ್ಲರಿಗೂ ಹೊಡ್ದಂಗೇ ತೆಳ್ಳಗೇ ಹೊಡ್ದಿದ್ದೆ. ಗಟ್ಟಿ ಅಂತ ಸುಮ್ನೆ ಹೇಳ್ದೆ. ನಿನಗೆ ಬೇಜಾರಾಗ್ಬಾರ್ದು ಅಂತ."

ಅಯ್ಯೋ ಶಿವನೇ! ಅಲ್ಲಿಗೆ ಮುಗಿಯಿತಲ್ಲ. ಕಲ್ಲು ಬಂದು ಬಡಿದು ಬಿದ್ದುಹೋಗುತ್ತಿರಲಿಲ್ಲ, ಕಲ್ಲು ಏಳುತ್ತಲೇ ಇರಲಿಲ್ಲ. ಇಷ್ಟು ವರ್ಷ ನಾನು ತಲೆಯೆತ್ತಿ ನಡೆದದ್ದು ಒಂದು ಸುಳ್ಳಿನ ಮೇಲೆ. ಅವತ್ತು ನಾನು ಊಟ ಮಾಡಲಿಲ್ಲ. ಇವರು ಮಾಡಿದರು, ಅದಕ್ಕೂ ನನಗೆ ಉರಿಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮಂಗಳಿ ತನ್ನ ಕಾರನ್ನು ನಮ್ಮ ಶೆಡ್ಡಿಗೆ ತಂದಳು. ಬೊಟ್ಟುಗಳಿಗೆ ವಾರ್ನಿಷ್ ಹಾಕಿಸಬೇಕಂತೆ, ಹಳೆಯದೆಲ್ಲ ಮಾಸಿದೆಯಂತೆ. "ಭಾವಾ, ಒಂದೂ ಬಿಡ್ಬೇಡಿ" ಎಂದು ಇವರಿಗೆ ಹೇಳಿ ಅಂಗಡಿಗೆ ನಡೆದೇ ಹೋದಳು. ನನ್ನ ಗಂಡ ಅವಳಿಗೆ ಯಾವ ಸೀಮೆಯ ಭಾವ? ಇವರು ಎಡಮಗ್ಗುಲಿಗೆಲ್ಲ ವಾರ್ನಿಷ್ ಹಚ್ಚಿ, ಥಿನ್ನರ್ ತರಲು ಪೇಟೆಗೆ ಹೊರಟರು.

ಮನೆಯಲ್ಲಿ ನಾನೊಬ್ಬಳೇ, ಪಕ್ಕದಲ್ಲಿ ಅವಳ ಕಾರು. ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ಶೆಡ್ಡಿಗೆ ಹೋದೆ. ಎಡಗಡೆ ನೋಡಿದೆ, ವಾರ್ನಿಷ್ ಬಿದ್ದು ಒಂದೊಂದು ಬೊಟ್ಟೂ ಮಿಂಚುತ್ತಿತ್ತು. ಕೆಲವದರ ಗುರುತು ನನಗೇ ಸಿಕ್ಕಿತು, ಇದು ಆ ಮೈಸೂರು ಸಿಲ್ಕಿನ ದಿನದ್ದು, ಇದು ಅವಳು ಬಂಗಾರದ ಕೈಗಡಿಯಾರ ಕಟ್ಟಿಕೊಂಡು ಬಂದಾಗಿನದು. ಶೆಡ್ಡಿನಲ್ಲೂ ಬಲಗಡೆ ಗೋಡೆಗೇ ಒತ್ತಿ ನಿಲ್ಲಿಸಿದ್ದಳು. ಹೊಟ್ಟೆ ಎಳೆದುಕೊಂಡು, ಸೆರಗು ಬಿಗಿದುಕೊಂಡು, ಗೋಡೆಗೂ ಕಾರಿಗೂ ನಡುವೆ ತೂರಿದೆ.

ಏನೂ ಇರಲಿಲ್ಲ.

ಕೈಯಾಡಿಸಿದೆ. ಮುಂದಿನಿಂದ ಹಿಂದಿನವರೆಗೆ ಬೆರಳು ಜಾರಿಕೊಂಡೇ ಹೋಯಿತು. ಒಂದು ಬೊಟ್ಟಿಲ್ಲ, ನಮ್ಮ ಕಾರಿನ ಹಾಗೇ ಬೋಳು. ಆ ಇಕ್ಕಟ್ಟಿನಲ್ಲಿ ನಿಂತೇ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಊರವರ ಕಣ್ಣಾಗಿದ್ದರೆ ಎರಡೂ ಕಡೆ ಬೀಳಬೇಕಿತ್ತು. ಅವಳ ಕಾರಿನ ಎಡಗಡೆ ಕಾಣುವುದು ಸಾಯಂಕಾಲ ನಮ್ಮ ಜಗಲಿಗೆ. ಅಷ್ಟೂ ಬೊಟ್ಟು ನನ್ನವು, ಒಂದಾದರೂ ಬೇರೆಯವರದಲ್ಲ. ಊರಿನವರು ಬಾಯಿ ಮೇಲೆ ಬೆರಳಿಟ್ಟದ್ದು ಬೊಟ್ಟು ನೋಡಿ, ಅವಳನ್ನು ನೋಡಿ ಅಲ್ಲ. ಅದಕ್ಕೇ ಆ ಗೋಡೆಗೆ ಒತ್ತುವ ಠೀವಿ, ಸೀಟು ದಾಟಿ ಇಳಿಯುವ ಠೀವಿ! ಅದಕ್ಕೇ ನಮ್ಮ ಜಗಲಿಯ ಮುಂದೆ ಆ ಆಮೆ ನಡಿಗೆ! ನನ್ನ ಹೊಟ್ಟೆಯ ಉರಿಯಲ್ಲಿ ಅವಳು ಇಷ್ಟು ದಿನ ಚಳಿ ಕಾಯಿಸಿಕೊಂಡಿದ್ದಳು.

ಅಲ್ಲೇ ನಿಂತು ನಕ್ಕೆ. ಎಷ್ಟು ವರ್ಷದ ಮೇಲೆ ಅಷ್ಟು ಮನಸಾರೆ ನಕ್ಕೆನೋ. ಅವತ್ತು ಸಾಯಂಕಾಲವೇ ಹೊನ್ನಮ್ಮನ ಮನೆಯಲ್ಲಿ ಅರಿಶಿನ ಕುಂಕುಮವಿತ್ತು. ಹೊನ್ನಮ್ಮ ಎಂದರೆ ನಮ್ಮೂರಿನಲ್ಲಿ ಬೊಟ್ಟಿನ ಶಾಸ್ತ್ರ ಮಾಡುವ ಹಿರಿಯಳು. ಯಾರ ಕಾರಿಗೇ ಆಗಲಿ ಮೊದಲ ಬೊಟ್ಟು ಬಿದ್ದರೆ ಅವಳು ಬಂದು, ಅದರೊಳಗೆ ಚಿಟಿಕೆ ಹಿಟ್ಟು ಮೆತ್ತಿ ಊದುಬತ್ತಿ ನೆಡುತ್ತಾಳೆ. ಊದುಬತ್ತಿ ಯಾವ ಕಡೆ ವಾಲಿತೋ ಕಣ್ಣು ಆ ಕಡೆಯದು. ಆಮೇಲೆ ಕುಂಕುಮ ಇಟ್ಟು ಸಕ್ಕರೆ ಹಂಚುತ್ತಾರೆ. ಊರಿನ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ, ಅವರೆದುರಿಗೆ ಹೇಳಿಬಿಡುವುದು ಎಂದು ತೀರ್ಮಾನ ಮಾಡಿದೆ. ಏನೆಂದು? "ಮಂಗಳೀ, ನಿನ್ನ ಕಾರಿನ ಬಲಗಡೆ ಸ್ವಲ್ಪ ತೋರಿಸೇ" ಅಷ್ಟೇ. ಕನ್ನಡಿ ಮುಂದೆ ನಿಂತು ಆ ಮಾತನ್ನು ಮೆತ್ತಗೆ, ಜೋರಾಗಿ, ನಗುತ್ತಾ, ಎಲ್ಲ ಥರದಲ್ಲೂ ಆಡಿ ನೋಡಿಕೊಂಡೆ. ರೇಷ್ಮೆ ಸೀರೆ ಉಟ್ಟು ಜಗಲಿಗೆ ಬಂದೆ.

ಅಷ್ಟರಲ್ಲಿ ಮಂಗಳಿ ಕಾರು ಒಯ್ಯಲು ಶೆಡ್ಡಿಗೆ ಬಂದಿದ್ದಳು. "ವಾರ್ನಿಷ್ ಇನ್ನೂ ಹಸಿ ಇದೆ, ಧೂಳು ಹಿಡಿಯತ್ತೆ. ನಾಳೆ ಬೆಳಗಾಗ್ತಿದ್ದಂಗೆ ನಾನೇ ತಂದುಬಿಡ್ತೀನಿ. ಈಗ ನಮ್ಮ ಕಾರಲ್ಲೇ ಮನೆಗೆ ಬಿಡ್ತೀನಿ, ಕೂತ್ಕೊಳಮ್ಮ" ಎಂದು ಇವರು ಹೇಳಿದ್ದು ನನಗೆ ಕೇಳಿಸಿತು. ಬಿಡಲಿ ಬಿಡಲಿ, ಇನ್ನೆಷ್ಟು ಹೊತ್ತಿನ ಮೆರೆದಾಟ ಎಂದುಕೊಂಡೆ. ನಮ್ಮ ಹಸಿರು ಕಾರು ಶೆಡ್ಡಿನಿಂದ ಹೊರಟು ಜಗಲಿಯ ಮುಂದೆ ಬಂತು.

ಮುಂದಿನ ಸೀಟಿನಲ್ಲಿ, ನನ್ನ ಸೀಟಿನಲ್ಲಿ, ಮಂಗಳಿ ಕೂತಿದ್ದಳು. ಜಡೆ ಮುಂದಕ್ಕೆ ಬಿಟ್ಟಿದ್ದಳು. ಅವಳು ಏನೋ ಹೇಳಿದಳು. ಇವರು ನಕ್ಕರು. ಸುಮ್ಮನೆ ಮುಗುಳ್ನಗೆಯಲ್ಲ, ತಲೆ ಹಿಂದಕ್ಕೆ ಹಾಕಿ ಹೋ ಎಂದು ನಕ್ಕರು. ನನ್ನ ಜೊತೆ ಕೆರೆ ಏರಿ, ಸಂತೆ, ಟಾಕೀಸು ಎಲ್ಲ ಸುತ್ತಿದರಲ್ಲ, ಒಂದು ದಿನ ಹಾಗೆ ನಕ್ಕಿದ್ದರೇ? ಆ ಕಾರಿನೊಳಗೆ ಇಷ್ಟು ನಗು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕಣ್ಣು ಮುಚ್ಚಿಕೊಳ್ಳಲು ನೆನಪಾಗಲಿಲ್ಲ.

ಟಪ್!

ಮಂಗಳಿ ಕೂತಿದ್ದ ಬಾಗಿಲಿಗೇ ಬಿತ್ತು. ಕಾರು ನಿಂತಿತು. ಅವಳು ಇಳಿದು ಬಗ್ಗಿ ನೋಡಿ, "ಬಂತು! ಚಂಪೀ, ನಿಮ್ಮ ಕಾರಿಗೂ ಬೊಟ್ಟು ಬಂತು ಕಣೇ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಆಮೇಲೆ ತಲೆಯೆತ್ತಿ ಜಗಲಿಯ ಕಡೆ ನೋಡಿದಳು. ಬೀದಿಯಲ್ಲಿ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳ ಬಾಯಿ ಮುಚ್ಚಿತು. ಇವರೂ ಇಳಿದು ಬಂದು ಬೊಟ್ಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಕಂಬ ಹಿಡಿದು ನಿಂತಿದ್ದೆ. ನಮ್ಮ ಸಂಸಾರಕ್ಕೆ ಬಿದ್ದ ಮೊದಲ ಕಣ್ಣು ನನ್ನದೇ ಆಗಬೇಕಿತ್ತೇ?

ಕೂಗು ಕೇಳಿದ ಮೇಲೆ ಜನ ಬಿಡುತ್ತಾರೆಯೇ? ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಹೊನ್ನಮ್ಮನನ್ನು ಮುಂದೆ ಮಾಡಿಕೊಂಡು ನಮ್ಮ ಮನೆಗೇ ಬಂದರು. ಇವರು ಅಷ್ಟರಲ್ಲಿ ಕಾರನ್ನು ಅಂಗಳಕ್ಕೆ ತಿರುಗಿಸಿ ನಿಲ್ಲಿಸಿದ್ದರು. ಹೊನ್ನಮ್ಮ ಹಿಟ್ಟು ಮೆತ್ತಿ ಊದುಬತ್ತಿ ನೆಟ್ಟಳು, ಅದು ಎಡಕ್ಕೆ ವಾಲಿತು. "ದೊಡ್ಡ ಕಣ್ಣು ಕಣ್ರೇ! ಇಷ್ಟು ಆಳದ್ದು ನಾನು ನೋಡೇ ಇಲ್ಲ" ಎಂದಳು. ಆಮೇಲೆ ನಾನು ಯಾವುದಕ್ಕೆ ಹೆದರಿದ್ದೆನೋ ಅದನ್ನೇ ಕೇಳಿದಳು. "ಬಿದ್ದಾಗ ಕಾರು ಎಲ್ಲಿತ್ತಪ್ಪ ವಿರೂಪಣ್ಣ?"

ಜಗಲಿ ಮುಂದೆ ಎಂದರೆ ಮುಗಿಯಿತು. ಸ್ವಂತ ಕಾರಿಗೆ ಸ್ವಂತ ಕಣ್ಣು ಹಾಕಿಕೊಂಡವಳು ಎಂದು ಊರು ಮೊಮ್ಮಕ್ಕಳ ಕಾಲದವರೆಗೆ ಆಡಿಕೊಳ್ಳುತ್ತದೆ. ಮಂಗಳಿಯ ಬಲಗಡೆ ತೋರಿಸೆನ್ನುವ ನನ್ನ ಮಾತು ನಾಲಿಗೆಯ ತುದಿಯಲ್ಲೇ ಒಣಗಿತು. ಅವಳ ಎಡಗಡೆಯದೆಲ್ಲ ಯಾರದೆಂದು ಕೇಳಿದರೆ ಅದೂ ನನ್ನ ಜಗಲಿಗೇ ಬಂದು ನಿಲ್ಲುತ್ತದಲ್ಲ!

ಇವರು ಬಾಯಿ ತೆರೆದರು. ಅಷ್ಟರಲ್ಲಿ ಮಂಗಳಿ ಹೇಳಿದಳು: "ಟಾಕೀಸ್ ಹತ್ರ ಅಜ್ಜಿ. ನಾನೂ ಕಾರಲ್ಲೇ ಇದ್ದೆ. ಅಲ್ಲೇ ಬಿದ್ದಿದ್ದು, ಇಲ್ಲಿ ಬಂದು ನೋಡಿದ್ವಿ ಅಷ್ಟೇ. ಎಷ್ಟು ಜನ ಇದ್ರು ಅಲ್ಲಿ! ಯಾರು ಅಂತ ಹೇಳೋದು?"

ಹೆಂಗಸರೆಲ್ಲ ನನ್ನ ಕೈ ಹಿಡಿದರು. ನಾನು ಸಕ್ಕರೆ ಹಂಚಿದೆ. ಒಬ್ಬೊಬ್ಬರೂ "ನಿನ್ನ ಅದೃಷ್ಟ ಕಣೆ ಚಂಪಾವತಿ" ಎನ್ನುವಾಗ ನಗಬೇಕಿತ್ತು, ನಕ್ಕೆ. ಎಷ್ಟು ವರ್ಷ ಕಾದಿದ್ದ ಸಕ್ಕರೆ, ಬಾಯಲ್ಲಿ ಮರಳಿನ ಹಾಗಿತ್ತು.

ಎಲ್ಲರೂ ಹೋಗುವಾಗ ಮಂಗಳಿ ಹಿಂದೆ ಉಳಿದಳು. ಕುಂಕುಮ ಇಡಲು ನಾನು ಕೈ ಎತ್ತಿದಾಗ ಕಿವಿಯ ಹತ್ತಿರ ಬಂದು ಮೆತ್ತಗೆ ಹೇಳಿದಳು: "ಶೆಡ್ಡಲ್ಲಿ ನನ್ನ ಕಾರಿನ ಬಲಗಡೆ ಬಾಗಿಲ ಮೇಲೆ ನಿನ್ನ ಕೈ ಅಚ್ಚಿದೆ ಕಣೇ, ಧೂಳಲ್ಲಿ. ನಾನೂ ಹೇಳಲ್ಲ, ನೀನೂ ಹೇಳ್ಬೇಡ."

ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಶಾಲೆಯಲ್ಲಿ ಪೆನ್ಸಿಲ್ ಕೇಳುವಾಗಲೂ ಹೀಗೇ ಮಾಡುತ್ತಿದ್ದಳು.

"ನಿನ್ನ ಬಿಟ್ರೆ ಈ ಊರಲ್ಲಿ ನನ್ನನ್ನ ಯಾರೂ ತಿರುಗಿ ನೋಡಲ್ಲ ಚಂಪಿ. ನಾಳೆಯಿಂದ ಬೆಳಿಗ್ಗೆ ಅಂಗಡಿಗೂ ನಿಮ್ಮ ಬೀದಿಲೇ ಹೋಗ್ಲಾ? ಆಗ ಬಲಗಡೆ ನಿನಗೆ ಕಾಣತ್ತೆ."

"ಹೋಗೇ, ಹೋಗು! ನನಗೇನು ಬೇರೆ ಕೆಲಸ ಇಲ್ವಾ ನಿನ್ನ ನೋಡ್ಕೊಂಡು ಕೂರೋಕೆ?" ಎಂದು ಕುಂಕುಮವನ್ನು ಒತ್ತಿ ಇಟ್ಟೆ.

ಇವರು ಅಂಗಳದಲ್ಲಿ ಬೊಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅದಕ್ಕೆ ವಾರ್ನಿಷ್ ಹಚ್ಚುತ್ತಿದ್ದರು. ಊರವರದಕ್ಕೆಲ್ಲ ಒಂದು ತೊಟ್ಟು, ಇದಕ್ಕೆ ಮೂರು ಸಲ.

"ಅವಳು ಏನು ಹೇಳಿದ್ದಕ್ಕೆ ಹಂಗೆ ಹಲ್ಲು ಕಿಸಿದ್ರಿ?" ಎಂದು ಕೇಳಿದೆ.

"'ನಿಮ್ಮ ಕಾರಲ್ಲಿ ಕೂತ್ರೆ ಎಷ್ಟು ಆರಾಮ ಭಾವಾ, ಯಾರೂ ನೋಡೋದೇ ಇಲ್ಲ' ಅಂದ್ಲು. ನಗು ತಡೆಯಕ್ಕಾಗ್ಲಿಲ್ಲ."

"ಮುಚ್ಚಿಬಿಡಿ ಅದನ್ನ. ಬಣ್ಣ ಹೊಡೀರಿ."

"ಉಹ್ಞೂಂ." ಇವರು ಬ್ರಶ್ಶಿನ ತುದಿಯನ್ನು ಊದಿದರು. "ಬಸ್ಸಲ್ಲಿ ಬಂದೋನು ನಾನು. ನನ್ನನ್ನ ಯಾರಾದ್ರೂ ಕಿತ್ಕೊಂಡು ಹೋಗ್ತಾರೆ ಅಂತ ಯಾರಿಗೂ ಹೊಟ್ಟೆ ಉರಿದಿರ್ಲಿಲ್ಲ. ಇದು ಇರ್ಲಿ ಚಂಪಾ."

ನಾನು ಒಳಗೆ ಹೋಗಿ ಅಕ್ಕಿ ತೊಳೆದೆ.

ಮಾರನೆಯ ಬೆಳಿಗ್ಗೆ ಬೀದಿಗೆ ಬೆನ್ನು ಹಾಕಿ ರಂಗೋಲಿ ಬಿಡುತ್ತಿದ್ದೆ. ಇವರು ಆಗಲೇ ಕೆಂಪು ಕಾರನ್ನು ಅವಳ ಮನೆಗೆ ಬಿಟ್ಟು ಬಂದು ಶೆಡ್ಡಿನಲ್ಲಿ ಡಬ್ಬ ಜೋಡಿಸುತ್ತಿದ್ದರು. ಬೀದಿಯ ಕೊನೆಯಿಂದ ಕಾರಿನ ಸದ್ದು ಬಂತು. ನಿಧಾನ, ಬಲು ನಿಧಾನ. ಸತ್ತರೂ ತಿರುಗಬಾರದು ಎಂದು ಎಳೆಯ ಮೇಲೇ ಕಣ್ಣು ನೆಟ್ಟೆ. ಸದ್ದು ನನ್ನ ಹಿಂದೆಯೇ ಬಂದು ನಿಂತಿತು. ಮಲ್ಲಿಗೆಯ ವಾಸನೆ ಬಂತು. ನಾನು ತಿರುಗಲಿಲ್ಲ.

"ಭಾವಾ, ತಿಂಡಿ ಆಯ್ತಾ?" ಎಂದಳು ಮಂಗಳಿ.

"ಆಯ್ತಮ್ಮಾ!" ಎಂದರು ಇವರು ಶೆಡ್ಡಿನೊಳಗಿಂದ, ಎಷ್ಟು ಹಿಗ್ಗಿನಿಂದ!

ನಾನು ತಿರುಗಿದೆ. ಬಲಗಡೆಯ ಬಾಗಿಲ ಮೇಲೆ ಟಪ್ ಎಂದಿತು, ಅದರ ಬೆನ್ನಿಗೇ ಇನ್ನೊಂದು.

"ಇವತ್ತಿಗೆ ಸಾಕು ಕಣೇ!" ಎಂದು ಮಂಗಳಿ ಗೇರು ಬದಲಿಸಿದಳು.